ಖಾಲಿ ತೂಕ

ಗುತ್ತಲು ರಸ್ತೆಯ ವೇಬ್ರಿಡ್ಜಿನಲ್ಲಿ ಹನ್ನೊಂದು ವರ್ಷದಿಂದ
ಕಬ್ಬಿನ ಲಾರಿ ತೂಗುತ್ತೇನೆ ನಾನು.
ತುಂಬಿದ್ದು ಹತ್ತಲಿ, ಬರೆದುಕೋ.
ಸುರಿದು ಬಂದದ್ದು ಹತ್ತಲಿ, ಬರೆದುಕೋ. ಕಳೆ.
ಉಳಿದದ್ದು ಕಬ್ಬು.
ಇಷ್ಟೇ ನನ್ನ ಗಣಿತ, ಇದರಲ್ಲೇ ಅನ್ನ,
ಇದರಲ್ಲೇ ಮಗಳ ನರ್ಸಿಂಗ್ ಫೀಸು.

ಡಾಕ್ಟರ್ ತಬಸ್ಸುಮ್ ಹತ್ತಿಸಿದ್ದು ಮೊರದಗಲದ ಕಾಟಾ.
ತೊಂಬತ್ನಾಲ್ಕು.
"ಕೂತು ಕೂತು ಲೋಡಾಗಿದೀರ, ಜಯಶೀಲಮ್ಮ.
ಮುದ್ದೆ ಅರ್ಧ ಮಾಡಿ. ದಿನಾ ನಲವತ್ತು ನಿಮಿಷ ನಡೀರಿ."

ಮುದ್ದೆ ಅರ್ಧ ಮಾಡಬಹುದು.
ನಡೆಯೋದು ಹೇಗೆ?
ಮಂಡ್ಯದಲ್ಲಿ ಐವತ್ತೆರಡರ ಹೆಂಗಸು
ಕೊಡವಿಲ್ಲದೆ, ಕುಡುಗೋಲಿಲ್ಲದೆ, ಚೀಲವಿಲ್ಲದೆ
ನಾಲೆ ಏರಿಯ ಮೇಲೆ ಬರೀ ಕೈ ಬೀಸಿ ಹೊರಟರೆ
ಎದುರಾದವರು ಕೇಳುತ್ತಾರೆ:
ಯಾಕಮ್ಮಾ, ಮನೇಲಿ ಏನಾದ್ರೂ ಆಯ್ತಾ?
ಮೊದಲ ದಿನ ಮೂವರು ಕೇಳಿದರು.
ಒಬ್ಬ ಗಾಡಿ ನಿಲ್ಲಿಸಿ, ನೀರಿನ ಕಡೆ ನೋಡಿ, ನನ್ನ ನೋಡಿ,
ಮನೆತನಕ ಬಿಟ್ಟೇ ಹೋದ.

ಎರಡನೇ ದಿನ ರಸೀದಿಯನ್ನು ಕರೆದೆ.
ರಸೀದಿ ಅಂದರೆ ನಾಯಿ. ಕಂದು ಮೈ, ಮಡಿಚಿದ ಎಡಗಿವಿ.
ಮರಿಯಿದ್ದಾಗ ಇಡೀ ಬಿಲ್ಲು ಪುಸ್ತಕ ಅಗಿದು ನುಂಗಿ
ಮಾಲೀಕರಿಂದ ಒದೆಯನ್ನೂ ಹೆಸರನ್ನೂ ಪಡೆದವಳು.
ಕಾಟಾದ ಕೆಳಗಿನ ತಂಪಿನಲ್ಲಿ ಮಲಗಿ
ಮೇಲೆ ಇಪ್ಪತ್ತು ಟನ್ನು ಹಾಯ್ದರೂ ಕಣ್ಣು ಬಿಡದವಳು.
ಹಳೇ ಸೀರೆಯ ಅಂಚು ಹರಿದು ಹಗ್ಗ ಮಾಡಿದೆ.

ಈಗ ಯಾರೂ ನನ್ನನ್ನು ಏನೂ ಕೇಳುವುದಿಲ್ಲ.
ಕೇಳಿದರೂ ಇಷ್ಟೇ: ಕಚ್ಚುತ್ತಾ?
ಡೈರಿ ಹತ್ತಿರ ಕೆಂಪಾಜಮ್ಮ ಮಾತ್ರ
"ಅದೇ ಹಗ್ಗದಲ್ಲಿ ಹಸ ಹಿಡ್ಕೊಂಡೋಗಿದ್ರೆ
ಎರಡು ಲೀಟ್ರು ಹಾಲಾದ್ರೂ ಆಗೋದು" ಅಂತಾಳೆ.
ಅನ್ನಲಿ.

ನಲವತ್ತು ನಿಮಿಷ ಅನ್ನುವುದು ರಸೀದಿಗೆ ಗೊತ್ತಿಲ್ಲ.
ಕರೆಂಟು ಕಂಬ ಗೊತ್ತು. ತೂಬು ಗೊತ್ತು.
ಕಬ್ಬಿನ ಸಾಲಿನೊಳಗೆ ಏನೋ ಸರಿದದ್ದು ಗೊತ್ತು.
ಅವಳು ಮೂಸುತ್ತ ನಿಂತಾಗ ನಾನು
ಏದುಸಿರು ಸೆರಗಲ್ಲಿ ಮುಚ್ಚಿಡುತ್ತೇನೆ,
ಅವಳಿಗಾಗಿಯೇ ನಿಂತವಳ ಹಾಗೆ.
ಅವಳು ಓಡಿದರೋ,
ಹೆರಿಗೆಯಾದಂದಿನಿಂದ ಓಡದ ಮೊಣಕಾಲು ಓಡುತ್ತದೆ,
ಚಪ್ಪಲಿ ಒಂದು ಕಡೆ, ಮರ್ಯಾದೆ ಒಂದು ಕಡೆ.
ನೀರು ಕಟ್ಟುವ ಹುಡುಗರು ಗುದ್ದಲಿ ಊರಿ ನಗುತ್ತಾರೆ.

ಜಡಿಮಳೆಯ ದಿನ ಏಳಲಿಲ್ಲ ನಾನು.
ಐದೂಕಾಲಿಗೆ ಬಾಗಿಲು ಕೆರೆದಳು.
ಡಾಕ್ಟರಿಗಾದರೆ ಸುಳ್ಳು ಹೇಳಬಹುದಿತ್ತು.

ಶುರುವಿನಲ್ಲೇ ಒಂದು ಅಮಾವಾಸ್ಯೆ, ಲಾರಿಗಳಿಲ್ಲದ ಹೊತ್ತು,
ಅವಳನ್ನು ಎತ್ತಿಕೊಂಡು ದೊಡ್ಡ ಕಾಟಾ ಹತ್ತಿದ್ದೆ.
ಹತ್ತರ ಲೆಕ್ಕದಲ್ಲಷ್ಟೇ ಮಾತಾಡುವ ಯಂತ್ರ ಅದು,
ಚಿಲ್ಲರೆಯ ಗೊಡವೆ ಅದಕ್ಕಿಲ್ಲ.
ಇಬ್ಬರೂ ಸೇರಿ ನೂರ ಹತ್ತು.
ಅವಳನ್ನು ಇಳಿಸಿದೆ: ತೊಂಬತ್ತು.

ಏಳು ತಿಂಗಳಾಯಿತು. ನಿನ್ನೆ ಮತ್ತೆ ಅಮಾವಾಸ್ಯೆ.
ಈ ಸಲ ಮೊದಲು ಒಬ್ಬಳೇ ಹತ್ತಿದೆ.
ತೊಂಬತ್ತು.
ಮೊನ್ನೆ ಡಾಕ್ಟರ ಕಾಟಾ ಎಂಬತ್ತಾರು ಅಂದಿತ್ತು,
ಹನ್ನೊಂದು ವರ್ಷ ಧೂಳು ಒರೆಸಿದ ನನ್ನದೇ ಯಂತ್ರ
ನನ್ನನ್ನು ನಂಬಲಿಲ್ಲ.

ರಸೀದಿ ತಾನೇ ಎದ್ದು ಬಂದಳು.
ಎತ್ತಿಕೊಂಡೆ. ಅವಳು ಅಂದಿನಂತೆ ಅದೇ ಹದಿನೆಂಟು.
ಹೆಗಲ ಮೇಲೆ ಮೂತಿ, ಕಿವಿಗೆ ಬಿಸಿ ಉಸಿರು.
ಗೋಡೆಯ ಕೆಂಪು ಅಂಕಿ ತಡವರಿಸಿತು,
ನೂರ ಹತ್ತಕ್ಕೆ ಹೋಗಿ, ಇಳಿದು, ನಿಂತಿತು:
ನೂರು.

ಒಬ್ಬಳೇ ನಿಂತರೆ ಕಾಣದೆ ಹೋದದ್ದು
ಇವಳನ್ನು ಹೊತ್ತರೆ ಕಮ್ಮಿಯಾಗಿ ಕಾಣುತ್ತದಲ್ಲ,
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಚೀಟಿ ಒತ್ತಿದೆ.
ಗಾಡಿ ನಂಬರು ಕೇಳಿತು, ಬಿಟ್ಟೆ.
ಸರಕು ಏನೆಂದು ಕೇಳಿತು, ಅದನ್ನೂ ಬಿಟ್ಟೆ.
ಹೊರಬಂದ ಕಾಗದ ಹರಿದು ಬೆಳಕಿಗೆ ಹಿಡಿದಿದ್ದೆ,
ಅಷ್ಟರಲ್ಲಿ ಅವಳು ಕತ್ತು ಚಾಚಿ
ತಿಂದೇಬಿಟ್ಟಳು.