ಮಸಿ ಸೋಸದ ಗಾಡಿ

ಇಪ್ಪತ್ತಕ್ಕಿಂತ ಹಿಂದಿನದು ನೋಡಿ, ಅಂದ ಲಾಜರಸ್,
ಪಾನಾ ತಿರುವುತ್ತಲೇ, ತಲೆ ಎತ್ತದೆ.
ಆಮೇಲಿನವಕ್ಕೆಲ್ಲ ಹೊಟ್ಟೆಯಡಿ ಒಂದು ಡಬ್ಬಿ,
ಮಸಿ ಸೋಸುವ ಡಬ್ಬಿ.
ತುಂಬಿದಾಗ ಅದು ಒಳಗೊಳಗೇ ಸುಟ್ಟುಕೊಳ್ಳಬೇಕು.
ಸುಡಲು ಕಾವು ಬೇಕು, ಕಾವಿಗೆ ಓಟ ಬೇಕು.
ನಿಮ್ಮದೆಲ್ಲಿ ಓಟ, ಅಕ್ಕಾ?
ನಿಮ್ಮದು ಮೆರವಣಿಗೆ.

ನಿಜ. ಟ್ರೈಲರಿನ ಮೇಲೆ ನಲವತ್ತು ಪೆಟ್ಟಿಗೆ ತುಡುವೆ,
ಬಾಯಿಗೆ ಬಲೆ ಕಟ್ಟಿಸಿಕೊಂಡು,
ಮೂಡಿಗೆರೆಯಲ್ಲಿ ಕಾಫಿ ಹೂ ಕಂದಿದ ಮೇಲೆ
ಕಡೂರಿನ ತೆಂಗಿನ ಹೊಂಬಾಳೆಗೆ.
ಹೊರಡುವುದು ಕತ್ತಲಾದ ಮೇಲೆ,
ಗಂಟೆಗೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು.
ಮೀರಿದರೆ ಎರಿ ಮುರಿದು
ರಾಣಿ ತನ್ನ ಮನೆಯ ಸಿಹಿಯಲ್ಲೇ ಮುಳುಗುತ್ತಾಳೆ.
ಒಮ್ಮೆ ಮುಳುಗಿದ್ದಾಳೆ.
ಹಂಪು ಆಲ್ದೂರಿನದು, ತಪ್ಪು ನನ್ನದು.

ಹೋದ ವರ್ಷ ಬಾಡಿಗೆ ಟೆಂಪೊ.
ಡ್ರೈವರು ಎರಡು ಸಲ ಕಚ್ಚಿಸಿಕೊಂಡು
ಕೀಲಿ ಗಾಡಿಯಲ್ಲೇ ಬಿಟ್ಟು ಓಡಿದ.

ಪೊನ್ನಪ್ಪನ ಗಾಡಿ ನೋಡಿದೆ, ಸೀಟಿಗೆ ಇನ್ನೂ ಪ್ಲಾಸ್ಟಿಕ್ಕು.
ಒಳಗೆ ಹಳದಿ ದೀಪ ಉರಿಯುತ್ತಿತ್ತು.
ಸುಮ್ಮನೆ ಹತ್ತುತ್ತದೆ, ಹೈವೇಲಿ ಒಂದ್ಸಲ ಓಡಿಸಿದರೆ ಆರುತ್ತದೆ, ಅಂದ.
ಎಷ್ಟು ದಿನದಿಂದ?
ಯುಗಾದಿಯಿಂದ.
ಇನ್ನೊಂದಕ್ಕೆ ಡಬ್ಬಿಯಿತ್ತು, ಒಳಗಿನದನ್ನು ಬಗೆದು ತೆಗೆದಿದ್ದರು.
ಲಾಜರಸ್ ಬೆರಳಲ್ಲಿ ಕುಟ್ಟಿದ, ಕಾಯಿ ಕುಟ್ಟಿ ನೋಡುವ ಹಾಗೆ.
ಕಳ್ಳ, ಅಂದ.
ಗಾಡಿಗೋ, ಮಾರುವವನಿಗೋ, ನಾನು ಕೇಳಲಿಲ್ಲ.

ಕಳಸದ ಪದ್ಮರಾಜಯ್ಯನವರದು ಹದಿನೇಳರ ಬೊಲೆರೊ.
ಹುಟ್ಟಿದಾಗಿಂದ ಡಬ್ಬಿಯಿಲ್ಲ, ಇಲ್ಲವೆಂಬ ನಾಚಿಕೆಯೂ ಇಲ್ಲ.
ಎಣ್ಣೆ ಮುಚ್ಚಳ ತೆಗೆದು ಮೂಸಿದೆವು.
ಹಲಸಿನ ಮರಕ್ಕೆ ಹಗ್ಗ ಬಿಗಿದು ಎಳೆಸಿದೆವು:
ಮರ ಕದಲಲಿಲ್ಲ, ಕ್ಲಚ್ಚು ನಾರಲಿಲ್ಲ.
ಬಿಳಿ ಬಟ್ಟೆ ಇದೆಯಾ, ಹೊಗೆ ನೋಡಬೇಕು, ಅಂದ ಲಾಜರಸ್.

ಅವರು ಒಳಗೆ ಹೋಗಿ ತಂದರು
ಕೊಡದ ಬಾಯಿಗೆ ಕಟ್ಟಿ ನೀರು ಸೋಸುವ ಬಟ್ಟೆ,
ಹೊಸದು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ.

ಒತ್ತು ಅಂದ. ಒತ್ತಿದೆ.
ಬಟ್ಟೆಯ ಮೇಲೆ ತಳ ಹಿಡಿದ ದೋಸೆಯಷ್ಟು ಕಪ್ಪು.
ಈ ವಯಸ್ಸಿಗೆ ಇಷ್ಟೇ ಅಂದರೆ ಚೆನ್ನಾಗಿದೆ, ಅಂದ ಲಾಜರಸ್.
ಪದ್ಮರಾಜಯ್ಯ ಬಟ್ಟೆ ಹಿಡಿದು ಬಹಳ ಹೊತ್ತು ನೋಡಿದರು.
ಹಿಂದೆ ಏನು ಕಟ್ಟುತ್ತೀರಿ?
ಜೇನು, ಅಂದೆ. ಅಂದಮೇಲೆ ನೆನಪಾಯಿತು,
ಜೇನು ನಾಲಿಗೆಗೆ ಮುಟ್ಟಿಸದ ಮನೆ ಇದು.

ವ್ಯಾಪಾರ ಮುರಿಯಿತು ಅಂದುಕೊಂಡೆ.
ಅವರು ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು
ಸೈಲೆನ್ಸರಿನಿಂದ ಟ್ರೈಲರಿನ ಕೊಂಡಿಗೆ ಗೇಣು ಹಾಕಿದರು,
ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿದ್ದ ಕೈ.
ಮೂರು ಗೇಣು.
ಇದೆಲ್ಲ ನೇರ ಅವುಗಳ ಮೂತಿಗೇ ಹೋಗುತ್ತದಲ್ಲ, ತಾಯಿ.

ಹೊಗೆ ಅವಕ್ಕೆ ಹೊಸದಲ್ಲ, ಅಂದೆ,
ಪೆಟ್ಟಿಗೆ ತೆರೆಯುವಾಗ ನಾನೇ ಊದುತ್ತೇನೆ, ತೆಂಗಿನ ನಾರಿನದು.
ಅದು ಎರಡು ಉಸಿರು, ಅಂದರು. ಇದು ನಾಲ್ಕು ತಾಸು.

ಡೀಸೆಲಿನ ಲೆಕ್ಕ ಹಾಕಿದ್ದೆ, ಟಯರಿನದು, ವಿಮೆಯದು.
ಗೇಣಿನ ಲೆಕ್ಕ ಹಾಕಿರಲಿಲ್ಲ.

ಹತ್ತು ಸಾವಿರ ಬಿಟ್ಟರು,
ಕೊಳವೆ ತಿರುಗಿಸುವ ಮಾತಿನ ಮೇಲೆ.
ಪಂಪ್‌ಸೆಟ್ಟಿನ ಹಳೇ ಪೈಪು ಬೆಸೆದು
ಬಲಕ್ಕೆ ತಂದು ಛಾವಣಿಗಿಂತ ಮೇಲೆ ಎತ್ತಿದ ಲಾಜರಸ್.
ರೈಸ್‌ಮಿಲ್ ಬಂತು ಅನ್ನುತ್ತಾರೆ ಮಕ್ಕಳು.

ನಿನ್ನೆ ರಾತ್ರಿ ಸಖರಾಯಪಟ್ಟಣದಲ್ಲಿ ನಿಲ್ಲಿಸಿ
ಪೆಟ್ಟಿಗೆಗೆ ಕಿವಿಯಿಟ್ಟೆ.
ಗುಂಯ್ ಅನ್ನುತ್ತಿತ್ತು, ಕೆಮ್ಮಿನ ಹಾಗಲ್ಲ,
ಕತ್ತಲಲ್ಲಿ ಲೆಕ್ಕ ಹೇಳಿಕೊಳ್ಳುವವರ ಹಾಗೆ.
ಬೆನ್ನು ನೆಟ್ಟಗೆ ಮಾಡಿ ತಲೆ ಎತ್ತಿದರೆ
ಕೊಳವೆಯ ಬಾಯಿ ರಸ್ತೆಬದಿಯ ಯಾವುದೋ ಮನೆ ಕಡೆಗಿತ್ತು.
ಮಾಳಿಗೆಯ ತಂತಿಯ ಮೇಲೆ
ಯಾರೋ ಮರೆತ ಬಿಳಿ ಪಂಚೆ.

ಎಂಜಿನ್ ಆರಿಸಿದೆ.
ಟ್ರೈಲರಿಗೆ ಒರಗಿ ನಿಂತು
ಒಂದಷ್ಟು ದೂರ ತಳ್ಳಿ ನೋಡಿದೆ.
ನಲವತ್ತು ಪೆಟ್ಟಿಗೆ, ಒಬ್ಬ ಹೆಂಗಸು.
ಕದಲಲಿಲ್ಲ.