ಎರಡು ಸಣ್ಣ, ಒಂದು ಉದ್ದ

ರೈಲುಕಂಬಿಯ ತುಂಡೊಂದು ನಮ್ಮ ಗಂಟೆ.
ಕೊಡಗಿನಲ್ಲಿ ರೈಲಿಲ್ಲ; ಇದು ಹೇಗೆ ಬಂತೋ
ಪಾಲಿಬೆಟ್ಟದ ಈ ತೋಟದಲ್ಲಿ ಬಲ್ಲವರಿಲ್ಲ.
ಎಂಟಕ್ಕೊಮ್ಮೆ, ನಾಲ್ಕೂವರೆಗೊಮ್ಮೆ
ಮೇಸ್ತ್ರಿ ಹಂಸ ಸುತ್ತಿಗೆಯಲ್ಲಿ ಬಡಿಯುತ್ತಾನೆ.
ಎಂಟರದು ಅಳುವ ಗಂಟೆ.
ತಾಯಂದಿರು ಬೆನ್ನು ತಿರುಗಿಸುತ್ತಾರೆ,
ನನ್ನ ಹನ್ನೊಂದು ಕೂಸುಗಳು ಒಟ್ಟಿಗೆ ಬಾಯಿ ತೆರೆಯುತ್ತವೆ.

ಸಿಂಚನ ಮೊದಮೊದಲು ಅಳುತ್ತಿರಲಿಲ್ಲ.
ಯಾರೆತ್ತಿದರೂ ಸೈ,
ಎತ್ತಿದ ಕೈಗೆ ಇನ್ನೂ ಹೆಸರಿರಲಿಲ್ಲ ಅದಕ್ಕೆ.
ಆರು ತಿಂಗಳು ದಾಟಿದ ಮೇಲೆ ಕಣ್ಣು ಓಡಾಡತೊಡಗಿತು
ಬಾಗಿಲಿಂದ ನನ್ನ ಕನ್ನಡಕಕ್ಕೆ,
ಕನ್ನಡಕದಿಂದ ಬಾಗಿಲಿಗೆ,
ಚಿಲ್ಲರೆ ಎಣಿಸಿ ಮತ್ತೆ ಎಣಿಸುವವರ ಹಾಗೆ.

ಮಡಿಕೇರಿಯ ತರಬೇತಿಯಲ್ಲಿ ಡಾಕ್ಟರಮ್ಮ
ಮೂರು ಗಂಟೆ ಮಾತಾಡಿದ್ದರು.
ನನಗೆ ಉಳಿದದ್ದು ಇಷ್ಟು:
ಅತ್ತಾಗ ಬರಬೇಕು.
ಪ್ರತಿ ಸಲ ಆಗದು, ಬಹಳ ಸಲ.

ನಾನು ಬಂದೆ, ಬಹಳ ಸಲ.

ಜನವರಿ. ರೊಬಸ್ಟಾ ಹಣ್ಣಾಗಿ ಕೊಂಬೆ ಬಾಗಿದ ದಿನ.
ತೂಕ ಮುಗಿಸಿ ಬೊಳ್ಳಿ ಬಂದಳು,
ಸೊಂಟದ ಚೀಲ ಬಿಚ್ಚಿರಲಿಲ್ಲ,
ಕುತ್ತಿಗೆಯ ತುಂಬ ಕೆಂಜಿಗ ಕಚ್ಚಿದ ದದ್ದು.
ಕೈ ಚಾಚಿದಳು.
ಕೂಸು ನೋಡಿತು. ನೋಡಿ
ನನ್ನ ಕೊರಳಿಗೆ ಮುಖ ಒತ್ತಿ
ಕುಪ್ಪಸದ ಅಂಚನ್ನು ಮುಷ್ಟಿಯಲ್ಲಿ ಹಿಡಿಯಿತು.

ಬೊಳ್ಳಿ ನಕ್ಕಳು.
"ಇವತ್ತು ನೂರ ನಾಲ್ಕು ಕಿಲೋ" ಎಂದಳು.
ಯಾರೂ ಕೇಳಿರಲಿಲ್ಲ.

ಹೇಳಿಬಿಡುತ್ತೇನೆ:
ಆ ಪುಟ್ಟ ಮುಷ್ಟಿ ಒಂದು ಗಳಿಗೆ ನನಗೆ ಹಿತವಾಗಿತ್ತು.

ರಾತ್ರಿ ಗಂಜಿ ಇಳಿಯಲಿಲ್ಲ.
ಮೂವತ್ತು ವರ್ಷದ ಹಿಂದೆ ಇದೇ ತೋಟದಲ್ಲಿ
ನಾನೂ ಕೊಯ್ದು, ತೂಗಿಸಿ, ಓಡಿ ಬರುತ್ತಿದ್ದೆ.
ಅತ್ತೆಯ ಮಡಿಲಿಂದ ನನ್ನ ಲ್ಯಾನ್ಸಿಯನ್ನು
ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿಕೊಳ್ಳಬೇಕಿತ್ತು.
"ನೋಡು ಫಿಲೋಮಿನಾ, ನನ್ನನ್ನೇ ಅಮ್ಮ ಅಂದ್ಕೊಂಡಿದೆ"
ಎನ್ನುತ್ತಿದ್ದರು ಅತ್ತೆ. ಒಳ್ಳೆಯ ಹೆಂಗಸೇ.
ಅಷ್ಟು ಖುಷಿಯಲ್ಲಿ ಹೇಳಬಾರದಿತ್ತು.

ಬೆಳಿಗ್ಗೆ ಬೊಳ್ಳಿಯ ತಲೆವಸ್ತ್ರ ಕೇಳಿದೆ.
"ಕೊಳೆ ಅಮ್ಮಾ, ನಿನ್ನೆಯ ಬೆವರು."
"ಅದಕ್ಕೇ ಬೇಕು."
ಸೀರೆಜೋಲಿಯೊಳಗೆ ಹಾಸಿದೆ.
ಮತ್ತೆ ಕೇಳಿದೆ: ರಾತ್ರಿ ಮಲಗದಿದ್ದರೆ ಏನು ಮಾಡುತ್ತೀ?
"ಏನಿಲ್ಲ, ಬೆನ್ನ ಮೇಲೆ ಹೀಗೆ"
ಎಂದು ನನ್ನ ತೋಳಿಗೇ ತಟ್ಟಿ ತೋರಿಸಿದಳು.
ಎರಡು ಸಣ್ಣ, ಒಂದು ಉದ್ದ.

ದಿನವಿಡೀ ಹಾಗೇ ತಟ್ಟಿದೆ,
ಇನ್ನೊಬ್ಬರ ಪರವಾಗಿ ಬಟವಾಡೆ ಪುಸ್ತಕಕ್ಕೆ
ಸಹಿ ಹಾಕಿದ ಹಾಗೆ.
ವಸ್ತ್ರವನ್ನು ಮೂಗಿಗೆಳೆದುಕೊಂಡು ಮಲಗಿತು ಸಿಂಚನ.

ಹದಿನೈದು ದಿನ ಹೀಗೆ.
ಹದಿನಾರನೆಯ ಸಂಜೆ ಗಂಟೆ ಬಡಿಯುವ ಮುಂಚೆ
ಕೂಸನ್ನು ಚಾಪೆಯ ಮೇಲೆ ಬಿಟ್ಟು
ಸೌದೆಕೋಣೆಯ ಹಲಗೆಸಂದಿಗೆ ಕಣ್ಣಿಟ್ಟು ನಿಂತೆ.
ಅರವತ್ತರ ಮುದುಕಿ, ಕಳ್ಳಿಯ ಹಾಗೆ.

ಬೊಳ್ಳಿ ಮೆಟ್ಟಿಲ ಮೇಲೆ ಕುಳಿತಳು.
ಕೈ ಚಾಚಲಿಲ್ಲ. ನಾನು ಹೇಳಿದ್ದೆ.
ಸಿಂಚನ ಕನ್ನಡಕ ಹುಡುಕಿತು,
ಸಿಗಲಿಲ್ಲ. ಕೆಳತುಟಿ ನಡುಗಿತು.
ಬೊಳ್ಳಿ ಮೆಟ್ಟಿಲಿಗೆ ಬೆರಳು ತಟ್ಟಿದಳು.
ಅಂಟಂಟಾದ ಬೆರಳು, ಕಾಫಿಹಣ್ಣಿನ ಸಿಹಿ ಒಣಗಿದ ಬೆರಳು.

ಕೂಸು ಅಂಬೆಗಾಲಿಟ್ಟಿತು.
ಅರ್ಧಕ್ಕೆ ನಿಂತಿತು. ತಿರುಗಿ ನೋಡಿತು.
ನಾನು ಉಸಿರು ಕಟ್ಟಿದೆ.
ಅಷ್ಟರಲ್ಲಿ ಒಳಗೆ ಒಲೆಯ ಮೇಲೆ ಹಾಲು ಉಕ್ಕಿತು.

ಇಳಿಸಿ ಬಂದು ನೋಡುವಾಗ ಚಾಪೆ ಖಾಲಿ.
ದಾರಿಯಲ್ಲಿ ಬೊಳ್ಳಿಯ ಬೆನ್ನು,
ಹೆಗಲ ಮೇಲೆ ಒಂದು ಪುಟ್ಟ ತಲೆ
ಅವಳ ಕಿವಿಯನ್ನು ಚೀಪುತ್ತಿತ್ತು.
ನೋಡಲೇಬೇಕಾದ್ದನ್ನು ನಾನು ನೋಡಲಿಲ್ಲ.
ಇರಲಿ. ಅದು ನನ್ನದಲ್ಲ.

ಮರುದಿನ ಎಂಟಕ್ಕೆ ಹಂಸ ಕಂಬಿ ಬಡಿದ.
ಸಿಂಚನ ಅತ್ತಿತು,
ಉಳಿದ ಹತ್ತೂ ಬೆಚ್ಚುವ ಹಾಗೆ, ತಾಯಿಗಾಗಿ.
ಎತ್ತಿಕೊಂಡೆ, ತಟ್ಟಿದೆ.
ಕಿಟಕಿಯಿಂದ ಕಂಡೆ:
ಸಿಲ್ವರ್ ಮರದ ತಿರುವಿನಲ್ಲಿ ಬೊಳ್ಳಿ,
ಸಾಲು ಹಿಡಿಯಲು ತಡವಾದರೂ
ನಿಂತು, ಪೂರ್ತಿ ಕೇಳಿಸಿಕೊಳ್ಳುತ್ತಿದ್ದಳು.