ಹೊಲಿಗೆ ಮೇಜಿನ ಮೇಲೆ ಐದು ಪರದೆ

ಮಷೀನು ಮಾರಿದ ಮೇಲೂ ಮೇಜು ಉಳಿಯಿತು,
ಮಷೀನಿನ ತಲೆ ಕೂರುತ್ತಿದ್ದ ಚೌಕದ ತೂತಿನ ಸಮೇತ.
ಆ ತೂತಿನಿಂದಲೇ ಈಗ ವೈರುಗಳೆಲ್ಲ ಕೆಳಗಿಳಿಯುತ್ತವೆ.
ಜೀನ್ಸಿನ ಕಿತ್ತಳೆ ದಾರದಲ್ಲಿ ಕಟ್ಟಿದ್ದೇನೆ, ಕಂತೆ ಕಂತೆ.
ಕೌಲ್ ಬಜಾರಿನ ದಾರ;
ಪ್ಯಾಂಟು ಹರಿದೀತು, ಅದು ಹರಿಯದು.

ಪರದೆಗಳು ಐದು, ಒಂದೊಂದೂ ಒಂದೊಂದು ಮನೆಯ ಕೂಸು.
ಮುಚ್ಚಿದ ಸೈಬರಿನದು ಒಂದು,
ಮೂಲೆಯಲ್ಲಿ ‘ಅರ್ಧ ಗಂಟೆಗೆ ಹತ್ತು’ ಚೀಟಿ ಇನ್ನೂ ಅಂಟಿದೆ.
ಸಿರುಗುಪ್ಪದ ರೈಸ್ ಮಿಲ್ಲಿನದು ಒಂದು, ಬೆನ್ನ ಜಾಲರಿಯಲ್ಲಿ ತೌಡು.
ಮೂರನೆಯದಕ್ಕೆ ಕಾಮಾಲೆ.
ನಾಲ್ಕನೆಯದರ ನಡುವೆ ಮೇಲಿಂದ ಕೆಳಕ್ಕೆ ಹಸಿರು ಗೆರೆ,
ಯಾರೋ ನಿದ್ದೆಗಣ್ಣಲ್ಲಿ ಹಾಕಿದ ಹೊಲಿಗೆಯ ಹಾಗೆ.
ಕೊನೆಯದು ಮಾತ್ರ ಹೊಸದು. ಕಂತು ಇನ್ನೂ ಏಳಿವೆ.

ಅಳತೆ ಕೂಡದವನ್ನು ಪಕ್ಕಪಕ್ಕ ಕೂರಿಸುವುದು ಸುಲಭವಲ್ಲ.
ಒಂದರಿಂದ ಇನ್ನೊಂದಕ್ಕೆ ದಾಟುವ ಬಾಣ
ಗಿಡ್ಡ ಪರದೆಯ ಅಂಚಿಗೆ ಬಂದು ನಿಂತುಬಿಡುತ್ತದೆ,
ಗಾಜಿಗೆ ತಲೆ ಬಡಿದುಕೊಳ್ಳುವ ಜೀರುಂಡೆ.
ನೂಲಿನಷ್ಟು ಮೇಲೆ, ನೂಲಿನಷ್ಟು ಕೆಳಗೆ.
ಹದಿನಾರು ವರ್ಷ ಪ್ಯಾಂಟಿನ ಎರಡು ಕಾಲು ಕೂಡಿಸಿದ ಕೈಗೆ
ಐದು ಆಕಾಶ ಕೂಡಿಸಲು ಮೂರು ರಾತ್ರಿ ಹಿಡಿಯಿತು.

ಏಪ್ರಿಲ್ಲು. ಪೆಟ್ಟಿಗೆಯ ತಗಡು ಬಿಚ್ಚಿಟ್ಟು
ಟೇಬಲ್ ಫ್ಯಾನಿನ ಮುಖ ಅದರ ಕಡೆ ತಿರುಗಿಸಿದ್ದೇನೆ.
ನನಗೆ ಒದ್ದೆ ಟವೆಲ್ಲು ಸಾಕು.
ಅದಿರಿನ ಲಾರಿ ಹೋದಾಗಲೆಲ್ಲ ಒಳಗಿನ ರೆಕ್ಕೆಗಳಿಗೆ ಕೆಂಪು ಹತ್ತುತ್ತದೆ,
ಭಾನುವಾರ ಶೇವಿಂಗ್ ಬ್ರಶ್ಶಿನಲ್ಲಿ ಕೊಡವುತ್ತೇನೆ.
ಕರೆಂಟು ಹೋದರೆ ಯುಪಿಎಸ್ಸು ಕುಯ್ಯೋ ಅನ್ನುತ್ತದೆ, ಆರು ನಿಮಿಷ,
ಅಷ್ಟರೊಳಗೆ ಐವರನ್ನೂ ಛತ್ರ ಮುಟ್ಟಿಸಬೇಕು.

ಐವರು ಅಂದರೆ
ಪಾಳಿ ಮುಗಿಸಿ, ಮಿರ್ಚಿಯ ಎಣ್ಣೆ ಕೈಯಲ್ಲೇ
ಅದೇ ಸೈಬರಿನಲ್ಲಿ ಸಾಲಾಗಿ ಕೂತವರು.
ಗುರಾಣಿ ಹಿಡಿದವನು ಗಾದಿಲಿಂಗನವನು.
ಬಿಲ್ಲು ಖಾಜಾ ಮೈನುದ್ದೀನನದು.
ಗಾಯ ಮಾಯಿಸುವವಳು ಸುಂಕ್ಲಮ್ಮನವಳು.
ಎರ್ರಿಸ್ವಾಮಿಯ ಮಂತ್ರವಾದಿ, ಯಾವ ಯುದ್ಧಕ್ಕೆ ಹೋದರೂ
ಮೊದಲು ಸಾಯುವವನು.
ಕಳ್ಳಿ ನಾನು, ಬಾಗಿಲ ಬೀಗ ತೆಗೆಯುವವಳು.

ಯೂನಿಟ್ಟು ಮುಚ್ಚಿದ ವರ್ಷ
ಒಬ್ಬೊಬ್ಬರೇ ಪಾಸ್‌ವರ್ಡು ಬರೆದುಕೊಟ್ಟರು,
ಸೊಂಟದಳತೆಯ ಚೀಟಿಗಳ ಹಿಂದೆ: ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು.
“ನೀನಾದ್ರೂ ಆಡ್ಸು, ಸುಮ್ನೆ ಯಾಕೆ ಸಾಯಬೇಕು ಅವು”
ಅಂದ ಗಾದಿಲಿಂಗ, ಆಟೊ ಕೊಂಡಿದ್ದ.
ಸುಂಕ್ಲಮ್ಮ ಗಂಡನ ಜೊತೆ ತಿರುಪ್ಪೂರಿಗೆ.
ಎರ್ರಿಸ್ವಾಮಿ ಊರು ಹೇಳಲಿಲ್ಲ.
ಅವನ ಪಾಸ್‌ವರ್ಡು ಒಂದು ಹೆಣ್ಣಿನ ಹೆಸರು,
ನಾನು ಯಾರಿಗೂ ಹೇಳಿಲ್ಲ.

ಈಗ ಒಂದು ಕೀಲಿ ಒತ್ತಿದರೆ ಐವರೂ ಏಳುತ್ತಾರೆ.
ಬಾ ಅಂದರೆ ನನ್ನ ಹಿಂದೆ ಸೇತುವೆ ದಾಟುತ್ತಾರೆ,
ತಿರುವಿನಲ್ಲಿ ಒಬ್ಬ ಕಂಬಕ್ಕೆ ಸಿಕ್ಕಿ
ನಿಂತಲ್ಲೇ ನಡೆಯುತ್ತಿರುತ್ತಾನೆ. ಹೋಗಿ ಕರೆತರುತ್ತೇನೆ.
ನಗುವ ಕೀಲಿಯೂ ಇತ್ತು.
ಒತ್ತಿದರೆ ಐವರೂ ಒಂದೇ ಉಸಿರಿಗೆ, ಒಂದೇ ಅಳತೆಗೆ ನಗುತ್ತಿದ್ದರು.
ಅದನ್ನು ಸ್ಕ್ರೂಡ್ರೈವರಿನಲ್ಲಿ ಕಿತ್ತು ಡಬ್ಬಿಯಲ್ಲಿಟ್ಟಿದ್ದೇನೆ, ಗುಂಡಿಗಳ ಜೊತೆ.

ಮೊನ್ನೆ ಬುಧವಾರ, ರಾತ್ರಿ ಒಂದೂವರೆ,
ಬೆಂಕಿ ಉಗುಳುವುದರ ಮುಂದೆ ನಿಂತಿದ್ದೆವು.
ನಾಲ್ಕನೆಯ ಪರದೆ ಕಪ್ಪಾಯಿತು.
ವೈರು ಅಲ್ಲಾಡಿಸಿದೆ. ಹಸಿರು ಗೆರೆಯ ಆಚೀಚೆ
ಬಿಳಿ ಅಕ್ಷರ ಮೂಡಿತು:
ಈ ಖಾತೆಯನ್ನು ಬೇರೆ ಕಡೆಯಿಂದ ತೆರೆಯಲಾಗಿದೆ.

ಉಳಿದ ನಾಲ್ಕರಲ್ಲಿ ನೋಡಿದೆ,
ನಾಲ್ಕು ಬಣ್ಣದಲ್ಲಿ, ಒಂದರಲ್ಲಿ ಹಳದಿಯಾಗಿ:
ಸಾಲಿನಲ್ಲಿದ್ದವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.
ನನ್ನ ಕೈ ಮೇಜಿನ ಮೇಲಿತ್ತು.
ಸುತ್ತ ತಿರುಗಿ ನಮ್ಮನ್ನೆಲ್ಲ ನೋಡಿದಳು.
ಏನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ.
ಆಮೇಲೆ ಗುರಾಣಿಯವನಿಗೆ ರಕ್ತ ತುಂಬತೊಡಗಿದಳು,
ಗಾದಿಲಿಂಗ ಯಾವಾಗಲೂ ಬೈಯುತ್ತಿದ್ದ ಹಾಗೆ
ಅರ್ಧ ಕ್ಷಣ ತಡವಾಗಿ.

ಅಷ್ಟರಲ್ಲಿ ಎರ್ರಿಸ್ವಾಮಿ ಸತ್ತಿದ್ದ.